ಪದಚರ್ಚೆ: ಪ್ರಿಂಟರ್ ‘ಆಫ್‌ಲೈನ್’ ಆದರೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯ ವೈಫೈ ಪ್ರಿಂಟರ್ ಕೈಕೊಟ್ಟಾಗ ಸರಿಮಾಡಿಕೊಳ್ಳುವುದು ಹೇಗೆ ಅಂತ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ವಯಸ್ಸಾದವರೂ ಓದಿಕೊಂಡು ತಾವೇ ಮಾಡಿಕೊಳ್ಳುವಂತಿರಬೇಕು ಅನ್ನುವುದು ನನ್ನಾಸೆ. ‘ಆಫ್‌ಲೈನ್’ ಅನ್ನುವ ಪದದ ಹತ್ತಿರ ಕೆಲಸ ನಿಂತಿದೆ.

ಕಂಪ್ಯೂಟರಿನಲ್ಲಿ ‘ಪ್ರಿಂಟರ್ ಆಫ್‌ಲೈನ್’ ಅಂತ ಬಂದ ಕೂಡಲೇ ಜನ ಸ್ವಿಚ್ ನೋಡುತ್ತಾರೆ. ‘ಆಫ್’ ಅಂತ ಇದೆ ಅಲ್ವಾ! ಆದರೆ ಎಷ್ಟೋ ಸಲ ಪ್ರಿಂಟರ್ ಆನ್ ಆಗಿಯೇ ಇರುತ್ತದೆ. ವೈಫೈ ದೀಪವೂ ಮಿನುಗದೆ ಉರಿಯುತ್ತಿರುತ್ತದೆ. ಆಗಿರುವುದೇ ಬೇರೆ. ಮನೆಗೆಲ್ಲ ವೈಫೈ ಕೊಡುವ ರೌಟರ್ ಒಮ್ಮೆ ಆಫ್ ಆಗಿ ಆನ್ ಆದಮೇಲೆ ಪ್ರಿಂಟರಿಗೆ ಹೊಸ ಐಪಿ ವಿಳಾಸ (ಮನೆಯ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಟ್ಟಿರಬಹುದು. ಮೊದಲು 192.168.1.5 ಇದ್ದದ್ದು ಈಗ 192.168.1.9. ಕಂಪ್ಯೂಟರ್ ಇನ್ನೂ ಹಳೇ ವಿಳಾಸದಲ್ಲೇ ಹುಡುಕುತ್ತದೆ, ಉತ್ತರ ಬರುವುದಿಲ್ಲ, ಆಫ್‌ಲೈನ್ ಅಂದುಬಿಡುತ್ತದೆ. ಕಂಪ್ಯೂಟರ್ ಗೆಸ್ಟ್ ವೈಫೈನಲ್ಲಿ, ಅಂದರೆ ಮನೆಗೆ ಬಂದವರಿಗೆಂದು ಬೇರೆಯಾಗಿ ಇಟ್ಟ ವೈಫೈನಲ್ಲಿ, ಇದ್ದರೂ ಹೀಗಾಗಬಹುದು.

‘ಸಂಪರ್ಕ ಕಡಿತಗೊಂಡಿದೆ’ ಅಂತ ಬರೆದು ನೋಡಿದೆ. ಯಾರಿಗೂ ಯಾರಿಗೂ ಸಂಪರ್ಕ? ಪ್ರಿಂಟರಿಗೂ ರೌಟರಿಗೂ, ಇಲ್ಲಾ ಕಂಪ್ಯೂಟರಿಗೂ ಪ್ರಿಂಟರಿಗೂ? ತಿಳಿಯುವುದಿಲ್ಲ. ಮುಖ್ಯವಾಗಿ ತಿಳಿಯಬೇಕಾದದ್ದೇ ಅದು.

ನನಗೆ ಹಿಡಿಸಿದ್ದು ‘ಸಿಗುತ್ತಿಲ್ಲ’. ಫೋನ್ ಮಾಡಿದಾಗ ‘ಅವರು ಸಿಗ್ತಿಲ್ಲ’ ಅಂತೀವಿ. ಅವರು ಇಲ್ಲ ಅಂತಲ್ಲ, ನಮ್ಮ ಕರೆ ಅಲ್ಲಿಗೆ ಮುಟ್ಟುತ್ತಿಲ್ಲ ಅಂತ. ‘ಕಂಪ್ಯೂಟರಿಗೆ ಪ್ರಿಂಟರ್ ಸಿಗುತ್ತಿಲ್ಲ’ ಅಂದರೆ ಯಾರಿಗೆ ಯಾರು ಅನ್ನುವುದೂ ಸ್ಪಷ್ಟ. ಪಾಸ್‌ವರ್ಡ್ ಬದಲಾದಾಗ, ಅಥವಾ 2.4 ಗಿಗಾಹರ್ಟ್ಸ್ (ವೈಫೈನ ಒಂದು ತರಂಗಾಂತರ) ಮಾತ್ರ ಹಿಡಿಯುವ ಪ್ರಿಂಟರನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಲು ಹೋದಾಗ ಆಗುವ ತೊಂದರೆಗೆ ‘ಪ್ರಿಂಟರ್ ವೈಫೈಗೆ ಸೇರಿಲ್ಲ’ ಅನ್ನಬಹುದು. ಎರಡು ತೊಂದರೆ, ಎರಡು ಮಾತು. ಯಾವ ಕಡೆ ಹುಡುಕಬೇಕು ಅನ್ನುವುದು ಮಾತಿನಲ್ಲೇ ಗೊತ್ತಾಗುತ್ತದೆ.

ಪ್ರಿಂಟ್ ಆಗಲು ಕಾದಿರುವ ಕೆಲಸಗಳ ಸಾಲಿಗೆ, ಅಂದರೆ ಪ್ರಿಂಟ್ ಕ್ಯೂಗೆ, ‘ಸರದಿ’ ಸಾಕು. ‘ಸರದಿಯಲ್ಲಿ ಸಿಕ್ಕಿಕೊಂಡ ಹಳೇ ಪ್ರಿಂಟುಗಳನ್ನು ಅಳಿಸಿ’ ಅಂದರೆ ಯಾರಿಗಾದರೂ ಅರ್ಥವಾದೀತು. ಪ್ರಿಂಟರಿಗೆ ‘ಮುದ್ರಕ’ ಮಾತ್ರ ಬೇಡ. ಪುಸ್ತಕದ ಮೊದಲ ಪುಟಗಳಲ್ಲಿ ‘ಮುದ್ರಕರು’ ಅಂತ ಓದಿ ಬೆಳೆದವರಿಗೆ ಅದು ಅಚ್ಚು ಹಾಕಿಕೊಡುವವರ ಹೆಸರು.

ಈಗ ನನ್ನ ಪ್ರಶ್ನೆ. ‘ಸಿಗುತ್ತಿಲ್ಲ’ ವಾಕ್ಯದ ಕೊನೆಯಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ‘ಆಫ್‌ಲೈನ್ ಪ್ರಿಂಟರ್’ ಅನ್ನುವ ಕಡೆ ‘ಸಿಗದ ಪ್ರಿಂಟರ್’ ಅಂದರೆ ಅಂಗಡಿಯಲ್ಲಿ ಸಿಗದ್ದು ಅನ್ನಿಸುತ್ತದೆ. ತಲೆಬರಹಕ್ಕೆ, ಬಟನ್ನಿನ ಮೇಲೆ ಹಿಡಿಸುವಂಥ ಚಿಕ್ಕ ಪದ ನಿಮ್ಮ ಬಳಕೆಯಲ್ಲಿ ಇದೆಯಾ? ಒಂದೆರಡು ವಾಕ್ಯದಲ್ಲಿ ಬಳಸಿ ತೋರಿಸಿದರೆ ತುಂಬಾ ಉಪಕಾರವಾಗುತ್ತದೆ.