ಸಹಾಯ ಬೇಕು: ಸೋನಿಕ್ 2ರ 10ನೇ ನಂಬರ್ ಟ್ಯೂನ್ ಯಾವ ಲೆವೆಲ್‌ದು?

1992ರ ಸೋನಿಕ್ 2 ವಿಡಿಯೋ ಗೇಮ್‌ನ ಸೌಂಡ್ ಟೆಸ್ಟ್‌ನಲ್ಲಿ (ನಂಬರ್ ಹಾಕಿ ಆಟದ ಸಂಗೀತ ಕೇಳುವ ಮೆನು) 10 ಹಾಕಿದರೆ ಒಂದು ಚೆಂದದ ಟ್ಯೂನ್ ಬರುತ್ತದೆ, ಆದರೆ ಆಟ ಪೂರ್ತಿ ಮುಗಿಸಿದರೂ ಅದು ಯಾವ ಲೆವೆಲ್‌ನಲ್ಲೂ ಕೇಳಿಸಲ್ಲ. ಬಿಡುಗಡೆಗೆ ಮುಂಚೆ ಕೈಬಿಟ್ಟ ಹಿಡನ್ ಪ್ಯಾಲೇಸ್ ಅನ್ನೋ ಲೆವೆಲ್‌ದೇ ಇರಬೇಕು ಅಂದುಕೊಂಡಿದ್ದೆ. 2013ರ ಮೊಬೈಲ್ ಆವೃತ್ತಿಯಲ್ಲಿ ಆ ಲೆವೆಲ್ ವಾಪಸ್ ಬಂತಲ್ವಾ, ಅದಕ್ಕೆ ಮಿಸ್ಟಿಕ್ ಕೇವ್ ಲೆವೆಲ್‌ನ ಎರಡನೇ ಆಕ್ಟ್‌ನ (ಭಾಗದ) ಮುಳ್ಳಿನ ಗುಂಡಿಗೆ ಬೇಕಂತಲೇ ಬಿದ್ದು ಅಲ್ಲಿಗೆ ಹೋದೆ. ಹೋದರೆ ಕೇಳಿಸಿದ್ದು ಮಿಸ್ಟಿಕ್ ಕೇವ್‌ನಲ್ಲಿ ಇಬ್ಬರು ಆಡುವಾಗ ಬರುವ ಸಂಗೀತ! 1992ರ ಆಟದ ಬಿಡುಗಡೆಗೆ ಮುಂಚಿನ ಪ್ರೋಟೋಟೈಪ್‌ನಲ್ಲೂ (ಪ್ರಾಯೋಗಿಕ ಆವೃತ್ತಿ) ಹಿಡನ್ ಪ್ಯಾಲೇಸ್‌ಗೆ ಅದೇ ಇದೆ. ನನಗೆ ತಲೆ ಕೆಟ್ಟಿದ್ದು ಇಲ್ಲೇ. ಎಷ್ಟು ಒಳ್ಳೆಯ ಟ್ಯೂನ್ ಆ 10ನೇದು, ಸುಮ್ನೆ ಮೂಲೆಯಲ್ಲಿ ಬಿದ್ದಿದೆ.

ಹಾಗಾದರೆ 10ನ್ನು ಮೊದಲು ಮಾಡಿದ್ದು ಯಾವ ಲೆವೆಲ್‌ಗೆ? ಆಟ ಮಾಡಿದ ತಂಡದವರೇ ಇದರ ಬಗ್ಗೆ ಹೇಳಿದ ಸಂದರ್ಶನ ಯಾರಾದರೂ ನೋಡಿದ್ದೀರಾ?