ಎಲಿಂಗ್ಟನ್, ನ್ಯೂಪೋರ್ಟ್ 1956: ಹಳೆಯ ಎಲ್‌ಪಿಯೋ, 1999ರ ಮರುಬಿಡುಗಡೆಯೋ?

ಪ್ರಶ್ನೆ:
ಅಪ್ಪನ ಟ್ರಂಕಿನಲ್ಲಿ ಜಾಝ್ ಬ್ಯಾಂಡಿನ ನಾಯಕ ಡ್ಯೂಕ್ ಎಲಿಂಗ್ಟನ್ 1956ರ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನೀಡಿದ ಕಛೇರಿಯ ಎಲ್‌ಪಿ ಸಿಕ್ಕಿತು. ಆ ಬ್ಯಾಂಡಿನ ಪಾಲ್ ಗೊನ್ಸಾಲ್ವೆಸ್ ಅವರ ಸ್ಯಾಕ್ಸೊಫೋನ್ ಗೋಡೆಯಾಚೆಯಿಂದ ಬಂದಂತೆ ಕೇಳಿಸುತ್ತದೆ. ಸೂಜಿ ಬದಲಿಸಿದೆ, ತಟ್ಟೆ ಒರೆಸಿದೆ, ಏನೂ ಪ್ರಯೋಜನವಾಗಲಿಲ್ಲ. ದೋಷ ಎಲ್ಲಿದೆ?

ಉತ್ತರ 1:
ತಟ್ಟೆಯಲ್ಲಿ ದೋಷವಿಲ್ಲ. ಆ ರಾತ್ರಿ ಗೊನ್ಸಾಲ್ವೆಸ್ ಎಲ್‌ಪಿಗಾಗಿ ಧ್ವನಿಮುದ್ರಿಸುತ್ತಿದ್ದ ಕೊಲಂಬಿಯಾ ಕಂಪನಿಯ ಮೈಕಿಗೆ ಬದಲಾಗಿ ವಾಯ್ಸ್ ಆಫ್ ಅಮೆರಿಕಾ ರೇಡಿಯೋದ ಮೈಕಿಗೆ ಊದಿದರು. ಅದಕ್ಕೇ ಹಾಡಿನ ಒಂದೇ ಚೌಕಟ್ಟನ್ನು 27 ಸುತ್ತು ಬಳಸಿ ಅವರು ನುಡಿಸಿದ ವಾದನ ಎಲ್‌ಪಿಯಲ್ಲಿ ದೂರವಾಯಿತು. ಎಲ್‌ಪಿಯ ಎಷ್ಟೋ ಭಾಗವನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆಯನ್ನೂ ಸೇರಿಸಿದ್ದರು! ರೇಡಿಯೋದ ಟೇಪು ಸಿಕ್ಕ ಮೇಲೆ ಅದನ್ನೂ ಕೊಲಂಬಿಯಾದ ಟೇಪನ್ನೂ ಹೊಂದಿಸಿ, 1999ರಲ್ಲಿ ಎರಡು ಸಿಡಿಗಳಲ್ಲಿ ಸ್ಟೀರಿಯೋ ಆಗಿ ತಂದರು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸುತ್ತು ಸುತ್ತಿಗೂ ಜನರ ಕೂಗು ಏರುತ್ತದೆ, ಬ್ಯಾಂಡಿನವರೇ ಗೊನ್ಸಾಲ್ವೆಸ್ ಅವರನ್ನು ಹುರಿದುಂಬಿಸುವುದು ಕಿವಿಗೆ ಬೀಳುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಉತ್ತರ 2:
ಒಪ್ಪುತ್ತೇನೆ. ಆದರೆ ಎಲ್‌ಪಿಯನ್ನು ಮಾರಬೇಡಿ. 1956ರಲ್ಲಿ ಜನ ಕೇಳಿ ಮರುಳಾದದ್ದು ಅದಕ್ಕೇ.

ಪ್ರಶ್ನೆ ಕೇಳಿದವರು:
ಸಿಡಿ ತರಿಸಿದೆ. ಸ್ಯಾಕ್ಸೊಫೋನ್ ಗೋಡೆಯ ಈಚೆಗೆ ಬಂದಿದೆ! ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಎರಡನ್ನೂ ಕೇಳಿಸುತ್ತೇನೆ, ಮೊದಲು ಅವರ ತಟ್ಟೆ.