ಜಲ್ಲಿಯ ಹಾಸು ಗಟ್ಟಿಯೋ, ಬಿಗಿಯೋ, ಪೆಡಸೋ?

ಬಲ್ಲವರಲ್ಲಿ ಒಂದು ಕೇಳಿಕೆ. ಶಿರಸಿಯಲ್ಲಿ ಕುಳಿತು, ರಸ್ತೆ ಕೆಲಸದ ಮೇಲ್ವಿಚಾರಕರಿಗಾಗಿ ಸಣ್ಣದೊಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಲ್ಲಿ, ಮುರ್ರಂ (ಹರಳು ಬೆರೆತ ಗಟ್ಟಿ ಮಣ್ಣು), ಒಡೆದ ಕಲ್ಲು ತುಂಬಿ ಎತ್ತರಿಸಿದ ನೆಲವನ್ನು ಪರೀಕ್ಷಿಸುವುದು ಹೇಗೆ ಎಂಬುದು ಅದರ ವಿಷಯ. ‘ಸ್ಟಿಫ್‌ನೆಸ್’ (ಭಾರಕ್ಕೆ ಸುಲಭವಾಗಿ ತಗ್ಗದ ಗುಣ) ಮತ್ತು ‘ಡಿಫಾರ್ಮೇಶನ್’ (ಭಾರಕ್ಕೆ ಆಕಾರ ಬದಲಾಗುವುದು) ಎಂಬ ಎರಡು ಪದಗಳಲ್ಲಿ ಗಾಡಿ ಹೂತುಕೊಂಡಿದೆ.

ಮೊದಲನೆಯದಕ್ಕೆ ‘ಕಾಠಿಣ್ಯ’ ಎಂದು ಬರೆದು ಹೊಡೆದು ಹಾಕಿದೆ. ಚಿರೆಕಲ್ಲಿಗಿಂತ ಕರಿಕಲ್ಲು ಕಠಿಣ, ನಿಜ. ಆದರೆ ಅದು ಕಲ್ಲಿನ ಗುಣ. ನನಗೆ ಬೇಕಿರುವುದು ರಾಶಿಯ ಗುಣ. ಕರಿಕಲ್ಲಿನ ಜಲ್ಲಿಯನ್ನೇ ಟಿಪ್ಪರಿನಿಂದ ಸುರಿದು ಹಾಗೆಯೇ ಬಿಟ್ಟರೆ ಕಾಲಿಟ್ಟಲ್ಲಿ ಜರಿಯುತ್ತದೆ. ‘ಗಟ್ಟಿ’ ಎನ್ನೋಣವೆಂದರೆ ಅದು ಮೊಸರಿಗೂ ದನಿಗೂ ಮನುಷ್ಯನಿಗೂ ಸಲ್ಲುವ ಪದ. ಮೇಲಾಗಿ, ಎಷ್ಟು ಭಾರಕ್ಕೆ ನೆಲ ಸೋಲುತ್ತದೆ ಎನ್ನುವುದು ಒಂದು ಮಾತು, ಸೋಲುವ ಮೊದಲು ಇಂತಿಷ್ಟು ಭಾರಕ್ಕೆ ಎಷ್ಟು ಇಳಿಯುತ್ತದೆ ಎನ್ನುವುದು ಇನ್ನೊಂದು. ‘ಗಟ್ಟಿ’ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ‘ಬಿಗಿತ’ ಹತ್ತಿರ ಬರುತ್ತದೆ; ಆದರೆ ರೋಲರ್ ಓಡಿಸಿ ಕಲ್ಲುಗಳ ನಡುವಿನ ಸಂದು ಕಡಿಮೆ ಮಾಡುವುದಕ್ಕೆ ಆ ಪದವನ್ನು ಆಗಲೇ ಬಳಸಿಬಿಟ್ಟಿದ್ದೇನೆ.

ಎರಡನೆಯ ಪದಕ್ಕೆ ನಿಘಂಟು ‘ವಿರೂಪ’ ಎನ್ನುತ್ತದೆ. ರಸ್ತೆಗೆ ವಿರೂಪ ಬಂತು ಎಂದರೆ ಮೇಸ್ತ್ರಿ ವೈದ್ಯರನ್ನು ಕರೆಸಿಯಾನು!

ದಾರಿ ತೋರಿದವರು ರೋಲರ್ ಓಡಿಸುವ ಒಬ್ಬ ಹಿರಿಯರು. ಅವರ ಎದುರಿಗೇ ಪ್ಲೇಟ್ ಪರೀಕ್ಷೆ ನಡೆಯಿತು. 300 ಮಿ.ಮೀ. ಅಗಲದ ದುಂಡನೆಯ ಉಕ್ಕಿನ ಹಲಗೆಯನ್ನು ಹಾಸಿನ ಮೇಲಿಟ್ಟು, ಕಲ್ಲು ತುಂಬಿದ ಟಿಪ್ಪರಿನ ಅಡಿಗೆ ಜ್ಯಾಕ್ ಕೊಟ್ಟು ಒತ್ತಿದೆವು. ಅಳತೆಯ ಡಯಲಿನ ಮುಳ್ಳು 3 ಮಿ.ಮೀ. ಇಳಿತ ತೋರಿಸಿತು. ಭಾರ ಬಿಟ್ಟಾಗ 1 ಮಿ.ಮೀ. ಮಾತ್ರ ಮೇಲೆ ಬಂತು. ಅವರು ಬಗ್ಗಿ ನೋಡಿ, “ಎರಡು ಕೂತಿತು, ಒಂದು ಎದ್ದಿತು” ಎಂದರು. ನಾನು ಅರ್ಧ ಪುಟ ಬರೆದಿದ್ದ ವಿವರಣೆ ನಾಲ್ಕು ಪದಗಳಲ್ಲಿ ಮುಗಿದಿತ್ತು.

ಹೊಸ ಪಾಗಾರ (ಆವರಣ ಗೋಡೆ) ಕಟ್ಟುವ ಮೊದಲು “ಮಣ್ಣು ಒಂದು ಮಳೆಗಾಲ ಕೂರಲಿ” ಎನ್ನುವ ನಮ್ಮೂರಿನ ‘ಕೂರು’ ಇದೇ. ಕಲ್ಲು ಜರುಗಿ, ಮೂಲೆ ಮುರಿದು, ಸಂದಿಗೆ ಸೇರಿಕೊಂಡದ್ದು ಮರಳಿ ಬರುವುದಿಲ್ಲ. ಮರಳಿ ಬರುವುದು ‘ಏಳು’. ಹಲಗೆಯನ್ನು ಎರಡನೆಯ ಸಲ ಒತ್ತಿದಾಗ ಹಾಸು ಕಡಿಮೆ ಇಳಿಯುತ್ತದೆ, ಏಕೆಂದರೆ ಕೂರಬೇಕಾದ್ದು ಬಹುಪಾಲು ಕೂತಾಗಿರುತ್ತದೆ. ಎರಡು ಸಲದ ಲೆಕ್ಕಗಳ ನಡುವೆ ಅಂತರ ತೀರ ಹೆಚ್ಚಿದ್ದರೆ ರೋಲರ್ ಇನ್ನಷ್ಟು ಓಡಬೇಕಿತ್ತು ಎಂದೇ ತಿಳಿಯಬೇಕು. ಆದ್ದರಿಂದ ‘ಡಿಫಾರ್ಮೇಶನ್’ಗೆ ಒಟ್ಟಾರೆ ‘ಇಳಿತ’, ಅದರೊಳಗೆ ‘ಕೂತದ್ದು’ ಮತ್ತು ‘ಎದ್ದದ್ದು’ ಎಂದು ಬರೆಯಲು ತೀರ್ಮಾನಿಸಿದ್ದೇನೆ. ಪಕ್ಕಕ್ಕೆ ಉಬ್ಬುವುದು ಈ ಮಾತಿನಲ್ಲಿ ಅಡಗುವುದಿಲ್ಲ ಎಂಬ ಆಕ್ಷೇಪ ಬಂದರೆ ಒಪ್ಪುತ್ತೇನೆ. ಅದನ್ನು ಅಳೆಯುವ ಪ್ರಯೋಗ ಕೈಪಿಡಿಯಲ್ಲಿಲ್ಲ.

‘ಕೋರ್ಸ್’ (coarse) ಎಂಬುದಕ್ಕೆ ಬಳಸುವ ‘ಒರಟು’ ಎಂಬ ಪದವೂ ಕಾಡುತ್ತಿದೆ. ಒರಟು ಎಂದರೆ ಮೇಲ್ಮೈ ತರಿತರಿಯಾಗಿರುವುದು. ಇಲ್ಲಿ ಗಾತ್ರ ಮುಖ್ಯ. ನೆಲದ ಭಾರ ಹೊರುವ ಶಕ್ತಿ ಅಳೆಯುವ ಸಿಬಿಆರ್ (ಕ್ಯಾಲಿಫೋರ್ನಿಯಾ ಬೇರಿಂಗ್ ರೇಶಿಯೊ) ಪರೀಕ್ಷೆಯ ಅಚ್ಚಿಗೆ ತುಂಬುವ ಮೊದಲು 19 ಮಿ.ಮೀ. ಜರಡಿಯಲ್ಲಿ ಉಳಿದ ಕಲ್ಲನ್ನು ತೆಗೆಯುತ್ತಾರೆ. ಮುಷ್ಟಿಗಾತ್ರದ ಕಲ್ಲಿನ ಹಾಸಿನಲ್ಲಿ ಹಾಗೆ ತೆಗೆದರೆ ಪರೀಕ್ಷೆಗೆ ಉಳಿಯುವುದು ಬೇರೆಯೇ ಸರಕು. ಪ್ಲೇಟ್ ಕೂಡ ಅತಿ ದೊಡ್ಡ ಕಲ್ಲಿನ ನಾಲ್ಕು ಪಟ್ಟಾದರೂ ಅಗಲವಿರಬೇಕು. ಇಲ್ಲದಿದ್ದರೆ ಒಂದೇ ಕಲ್ಲಿನ ನೆತ್ತಿಯನ್ನು ಒತ್ತಿ ಇಡೀ ರಸ್ತೆಗೆ ಅಂಕ ಕೊಟ್ಟಂತೆ. ಹಾಗಾಗಿ ‘ದಪ್ಪಕಲ್ಲಿನ ಭರ್ತಿ’ ಎಂದು ಬರೆದಿದ್ದೇನೆ. ಕಾರವಾರದಿಂದ ಬಂದ ಮೇಸ್ತ್ರಿಯೊಬ್ಬರು ಭರ್ತಿಗೆ ಮರಾಠಿಯ ‘ಭರಾವ’ ಎಂದೇ ಹೇಳುತ್ತಾರೆ, ಅದೂ ಚೆನ್ನಾಗಿದೆ.

ಉಳಿದದ್ದು ‘ಸ್ಟಿಫ್‌ನೆಸ್’. ಸದ್ಯಕ್ಕೆ ‘ಪೆಡಸುತನ’ ಎಂದಿಟ್ಟಿದ್ದೇನೆ. ಬಾಗಲು ಒಪ್ಪದಿರುವ ಗುಣ ಅದರಲ್ಲಿದೆ, ಆದರೆ ಪಟ್ಟನೆ ಮುರಿಯುವ ವಾಸನೆಯೂ ಇದೆ. ಅಘನಾಶಿನಿ ಹೊಳೆಯ ದಂಡೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು) ಗದ್ದೆಗಳಿಗೆ ಕಟ್ಟೆ ಹಾಕಿದ ಮನೆತನದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಕಟ್ಟೆಯ ಮೇಲೆ ನಡೆದಾಗ ಕಾಲಡಿಯಲ್ಲಿ ಕೊಂಚ ತಗ್ಗಿ ಮತ್ತೆ ಏಳುವ ನೆಲಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ, ಹಾಗೆ ತಗ್ಗದ ನೆಲಕ್ಕೆ ಏನೆನ್ನುತ್ತಾರೆ?